ಆಕಳ ಹೊಟ್ಟೆಯೊಳಗಿನ ದಾಸೋಹ

ಜಾತ್ರೆ, ಪುಣ್ಯಸ್ಮರಣೆ, ಮದುವೆಗಳು ಮುಗಿದ ಮೇಲೆ ಉಳಿದ ಅನ್ನ, ಹುಗ್ಗಿ, ಹೋಳಿಗೆಗಳನ್ನು ಬುಟ್ಟಿಗಟ್ಟಲೆ ಆಕಳ ಮುಂದೆ ಸುರಿಯುವುದು ಅಕ್ಕಲಕೋಟೆ, ಜತ್ತ ಭಾಗದ ಸದ್ಭಕ್ತರಲ್ಲಿಯೂ ಕಂಡುಬರುತ್ತದೆ. ಪ್ರಸಾದ ಚೆಲ್ಲಬಾರದೆಂಬ ಭಾವನೆ ಒಳ್ಳೆಯದೇ. ಆದರೆ ಉಂಡ ಆಕಳು ಮರುದಿನ ಮೆಲುಕು ಬಿಟ್ಟು, ಹೊಟ್ಟೆ ಉಬ್ಬಿ ನೆಲ ಹಿಡಿದರೆ ಆ ನೀಡಿಕೆಯನ್ನು ದಾಸೋಹವೆನ್ನಬಹುದೆ? ನೀಡಿದವನ ಭಾವ ಶುದ್ಧವಿದ್ದರೆ ಸಾಕೆ?

ಆಕಳು ಕಣಕಿ ತಿನ್ನುತ್ತದೆ ಎನ್ನುತ್ತೇವೆ. ನಿಜ ನೋಡಿದರೆ ಕಣಕಿಯ ನಾರನ್ನು ಕರಗಿಸುವ ಶಕ್ತಿ ಆಕಳಿಗಿಲ್ಲ. ಅದರ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಮೊದಲಿನ ದೊಡ್ಡ ಚೀಲದೊಳಗೆ ನೆಲೆಸಿದ ಸೂಕ್ಷ್ಮಜೀವಿಗಳದು ಆ ಕಾಯಕ. ಬ್ಯಾಕ್ಟೀರಿಯಾಗಳ ದುಡಿಮೆ ಹೆಚ್ಚಿನದು. ಅವುಗಳ ಜೊತೆಗೆ ಒಂದೇ ಕೋಶದ ಪ್ರೋಟೊಜೋವಾಗಳಿವೆ. ಇವನ್ನು 1843ರಲ್ಲಿ ಫ್ರಾನ್ಸಿನಲ್ಲಿ ಗ್ರುಬಿ, ಡೆಲಾಫೊಂಡ್ ಎಂಬಿಬ್ಬರು ವಿವರಿಸಿದರು. ಒಂದು ಮಿಲಿಲೀಟರ್ ರಸದಲ್ಲಿ ಸಾಮಾನ್ಯವಾಗಿ ಲಕ್ಷದಿಂದ ಹತ್ತು ಲಕ್ಷದವರೆಗೆ ಇರುತ್ತವೆ. ಮೈತುಂಬ ಸಣ್ಣ ರೋಮಗಳುಳ್ಳವು ಸಕ್ಕರೆಯ ಅಂಶವನ್ನು ಬೇಗ ಹೀರುತ್ತವೆ. ಬಾಯಿಯ ಹತ್ತಿರ ಮಾತ್ರ ರೋಮವಿರುವ ಎಂಟೊಡಿನಿಯಂಗಳು ಪಿಷ್ಟದ ಕಣಗಳನ್ನು ನುಂಗುತ್ತವೆ. ಬೇರೆ ಕೆಲವು ನಾರನ್ನೇ ಅರಗಿಸುತ್ತವೆ. ಇವುಗಳಲ್ಲಿ ಒಂದು ಬಗೆಯದಕ್ಕೆ ಹಿಂಬದಿಯಲ್ಲಿ ಮುಳ್ಳುಗಳಿವೆ. ತನ್ನನ್ನು ನುಂಗುವ ನೆರೆಯ ಜೀವಿ ಇಲ್ಲವಾದರೆ ಅದರ ಪೀಳಿಗೆಯಲ್ಲಿ ಮುಳ್ಳು ಮಾಯವಾಗುತ್ತದೆ. ಮೈಯ ಆಕಾರ ನೋಡಿ ಜಾತಿ ಹೇಳುತ್ತಿದ್ದ ವಿಜ್ಞಾನಿಗಳು ಈಗ ವಂಶವಾಹಿಗಳನ್ನೂ ನೋಡುತ್ತಾರೆ. ಜಾತಿ ಎಣಿಸುವವರಿಗೆ ಎಲ್ಲ ಕಡೆಗೂ ತೊಡಕೇ!

ಹುಟ್ಟಿದ ಕರುವಿನಲ್ಲಿ ಇವು ಇರುವುದಿಲ್ಲ. ತಾಯಿ ನೆಕ್ಕಿದಾಗ, ದೊಡ್ಡ ದನಗಳ ಜೊಲ್ಲು ತಾಗಿದ ಮೇವು ತಿಂದಾಗ ಬರುತ್ತವೆ. ಪ್ರೋಟೊಜೋವಾ ಇಲ್ಲದೆಯೂ ದನ ಬದುಕಬಲ್ಲದು, ಆದ್ದರಿಂದ ಇವನ್ನು ಅತಿಯಾಗಿ ಹೊಗಳುವುದೂ ಬೇಡ. ಕೊನೆಗೆ ಇವು ಮುಂದಿನ ಕೋಣೆಗಳಿಗೆ ಹರಿದು, ತಾವೇ ಜೀರ್ಣವಾಗಿ ಆಕಳಿಗೆ ಆಹಾರವಾಗುತ್ತವೆ. ಹಾಗಾದರೆ ಹಾಲು ಶಾಕಾಹಾರವೇ ಎಂಬ ಕುತರ್ಕ ಎತ್ತುವವರಿದ್ದಾರೆ, ಅದರಲ್ಲಿ ನಮಗೆ ರುಚಿಯಿಲ್ಲ.

ನಮ್ಮ ಪ್ರಶ್ನೆ ಬೇರೆ. ಬುಟ್ಟಿ ಅನ್ನ, ಬೆಲ್ಲದ ಹೂರಣ ಒಮ್ಮೆಲೇ ಒಳಗೆ ಬಿದ್ದರೆ ಬಹಳ ಬೇಗ ಹುಳಿಯೇಳುತ್ತದೆ. ಪಿಷ್ಟ ನುಂಗುವ ಜೀವಿಗಳು ಆ ವೇಗವನ್ನು ಸ್ವಲ್ಪ ತಡೆಯುತ್ತವೆ. ಆಮ್ಲ ಮಿತಿ ಮೀರಿದಾಗ ಅವೇ ಸಾಯುತ್ತವೆ, ನಾರು ಕರಗಿಸುವ ಬ್ಯಾಕ್ಟೀರಿಯಾಗಳೂ ನಶಿಸುತ್ತವೆ. ಆಮೇಲೆ ಎಷ್ಟು ಕಣಕಿ ಹಾಕಿದರೂ ಅರಗಿಸುವವರು ಇಲ್ಲ. ಉಣ್ಣುವವರು ಯಾರೆಂದು ತಿಳಿಯದೆ ನೀಡಿದ್ದರ ಫಲವಿದು. ತಿಳಿಯದವನನ್ನು ಕ್ಷಮಿಸಬಹುದು. ತಿಳಿದ ಮೇಲೂ ಪುಣ್ಯದ ಹೆಸರಿನಲ್ಲಿ ಸುರಿಯುವವನು ತನ್ನ ಸಂತೋಷಕ್ಕಾಗಿ ನೀಡುತ್ತಾನೆಯೇ ಹೊರತು ಆಕಳಿಗಾಗಿ ಅಲ್ಲವೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಉಳಿದ ಪ್ರಸಾದವನ್ನೇನು ಮಾಡುವುದು? ಮೊದಲು ಅಡಿಗೆಯನ್ನು ಲೆಕ್ಕವಿಟ್ಟು ಮಾಡಬೇಕು. ಉಳಿದರೆ ಓಣಿಯ ಮನೆಗಳಿಗೆ ಹಂಚಬೇಕು. ಆಕಳಿಗೆ ಒಂದು ಹಿಡಿ ಸಾಕು, ಅದೂ ಮೇವಿನ ಜೊತೆಗೆ. ಕೆಟ್ಟದ್ದನ್ನು ತಿಪ್ಪೆಗುಂಡಿಗೆ ಹಾಕಿ ಗೊಬ್ಬರ ಮಾಡಿದರೆ ಪ್ರಸಾದಕ್ಕೆ ಅಪಚಾರವೆಂದು ನಾವು ತಿಳಿಯುವುದಿಲ್ಲ. ಆಕಳು ಹೆಚ್ಚು ತಿಂದುಬಿಟ್ಟಿದ್ದರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕರೆಯಿಸಿರಿ.