ಬೆಸ್ತ, ರೈತ ಮತ್ತು ವುಲಂದೋನಿಯ ಸಂತೆ

ಸೋಮದೇವಸೂರಿ ‘ಯಶಸ್ತಿಲಕಚಂಪೂ’ ಬರೆದು ಮುಗಿಸಿದ್ದು 959ರಲ್ಲಿ. ಪಂಪನಿಗೆ ಆಶ್ರಯ ಕೊಟ್ಟಿದ್ದ ವೇಮುಲವಾಡದ ಚಾಲುಕ್ಯರ ನಾಡಿನಲ್ಲಿ ಕೂತು ಬರೆದದ್ದು. ಶ್ರಾವಕರ ಆಚಾರ ಹೇಳುವ ಭಾಗದಲ್ಲಿ ಒಂದು ಶ್ಲೋಕವಿದೆ. ಬಲೆ ಬೀಸಿದ ಬೆಸ್ತನಿಗೆ ಒಂದು ಮೀನೂ ಸಿಗದಿದ್ದರೂ ಪಾಪ ಅಂಟುತ್ತದೆ. ರೈತನ ನೇಗಿಲಿಗೆ ಎಷ್ಟೋ ಜೀವ ಸಿಕ್ಕಿ ಸತ್ತರೂ ಅವನಿಗೆ ಅಂಟುವುದಿಲ್ಲ, ಏಕೆಂದರೆ ಕೊಲ್ಲುವ ಮನಸ್ಸು ಅವನದಲ್ಲ ಎಂಬುದು ಅದರ ತಾತ್ಪರ್ಯ. ನಾನು ಮೂಡುಬಿದಿರೆ ಕಡೆಯವಳು, ಜೈನರ ಮನೆಯಲ್ಲಿ ಹುಟ್ಟಿದವಳು, ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತಳಾದವಳು. ಈ ಶ್ಲೋಕವನ್ನು ವರ್ಷವರ್ಷವೂ ಹೇಳಿಕೊಟ್ಟಿದ್ದೇನೆ. ಬೆಂಚಿನಲ್ಲಿ ಮೀನು ಹಿಡಿಯುವ ಮೊಗವೀರರ ಮಕ್ಕಳೂ ಇರುತ್ತಿದ್ದರು. ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ತೆಗೆಯುತ್ತಿದ್ದರು.

ಸೋಮದೇವನ ಈ ಇಬ್ಬರೂ ಎದುರುಬದುರು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದು ಇಂಡೊನೇಷ್ಯದ ಲೆಂಬಾಟಾ ದ್ವೀಪದಲ್ಲಿ. ಮಗಳು ನೇಯ್ಗೆಯ ಅಧ್ಯಯನದವಳು. ಗುಜರಾತಿನ ಪಟೋಲ ಬಟ್ಟೆಗಳು ಹಿಂದೆ ವ್ಯಾಪಾರಿಗಳ ಜೊತೆ ಹಡಗೇರಿ ಹೋಗಿ ಆ ಕಡೆಯ ಮನೆತನಗಳ ಪೆಟ್ಟಿಗೆಯಲ್ಲಿ ದೇವರ ಒಡವೆಯಂತೆ ಉಳಿದಿವೆ. ಅದರ ಬೆನ್ನು ಹತ್ತಿ ಹೊರಟವಳ ಜೊತೆ ನಾನೂ ಹೊರಟೆ. ಫ್ಲೋರೆಸ್‌ನ ಪೂರ್ವಕ್ಕೆ ಲೆಂಬಾಟಾ. ಅದರ ಮುಖ್ಯ ಪಟ್ಟಣ ಲೆವೊಲೆಬಾದಿಂದ ಟ್ರಕ್ಕಿನಲ್ಲಿ ಮೈಮೂಳೆ ಸಡಿಲವಾಗುವಷ್ಟು ಕುಲುಕಿಸಿಕೊಂಡು ದಕ್ಷಿಣದ ಅಂಚಿಗೆ ಇಳಿದರೆ ಲಮಲೆರಾ. ಊರು ಕಡಿದಾದ ಇಳಿಜಾರಿನಲ್ಲಿದೆ. ಮಣ್ಣಿಗಿಂತ ಕಲ್ಲೇ ಹೆಚ್ಚು. ದಂಡೆಯ ಮೇಲೆ ಹುಲ್ಲು ಹೊದಿಸಿದ ದೋಣಿಮನೆಗಳ ಸಾಲು, ಅದರಾಚೆ ಸವು ಸಮುದ್ರ. ಗಳುಗಳ ಮೇಲೆ ಮಾಂಸದ ಪಟ್ಟಿ ಒಣಗುತ್ತದೆ, ಅದರಿಂದ ತೊಟ್ಟಿಕ್ಕುವ ಎಣ್ಣೆಯನ್ನು ಕೆಳಗೆ ಹಿಡಿಯುತ್ತಾರೆ. ಆ ವಾಸನೆಯ ನಡುವೆ ನಾನು ತಿಂದದ್ದು ನುಗ್ಗೆಸೊಪ್ಪು ಮತ್ತು ಹುರಿದ ಜೋಳವನ್ನು ಕಲ್ಲಿನಲ್ಲಿ ಒಂದೊಂದೇ ಕುಟ್ಟಿ ಚಪ್ಪಟೆ ಮಾಡುವ ಜಾಗುಂಗ್ ತಿತಿ. ನಮ್ಮ ಅವಲಕ್ಕಿಯ ದಾಯಾದಿ ಎನ್ನಬಹುದು.

ಲಮಲೆರಾದವರು ತಿಮಿಂಗಿಲ ಹೊಡೆಯುವವರು. ಮುಖ್ಯವಾಗಿ ಸ್ಪರ್ಮ್ ತಿಮಿಂಗಿಲ. ಅವರ ಮಾತಿನಲ್ಲಿ ಕೊತೆಕ್ಲೆಮಾ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅದರ ಹಂಗಾಮು. ಕಬ್ಬಿಣದ ಮೊಳೆ ಬಳಸದೆ ಮರದ ಗೂಟಗಳಿಂದಲೇ ಜೋಡಿಸಿದ ‘ತೆನಾ’ ಎಂಬ ದೋಣಿ, ತಾಳೆಗರಿಯ ಹಾಯಿ. ದೋಣಿಯ ಮೂತಿಯಲ್ಲಿ ಮುಂದೆ ಚಾಚಿದ ಹಲಗೆಯ ಮೇಲೆ ಲಮಾಫಾ, ಅಂದರೆ ಈಟಿಗಾರ, ಬಿದಿರ ಗಳುವಿಗೆ ಸಿಕ್ಕಿಸಿದ ಈಟಿ ಹಿಡಿದು ನಿಲ್ಲುತ್ತಾನೆ. ಈಟಿಯನ್ನು ಎಸೆಯುವುದಿಲ್ಲ. ಅದರ ಜೊತೆ ತಾನೂ ಹಾರುತ್ತಾನೆ. ಮೈಯ ಭಾರವೆಲ್ಲ ಮೊನೆಗೆ ಬೀಳಬೇಕು. ಆಮೇಲೆ ಹಗ್ಗ ಹಿಡಿದವರ ಪಾಡು ಪ್ರಾಣಿಯ ಕೈಯಲ್ಲಿ. 1994ರ ಮಾರ್ಚಿನಲ್ಲಿ ತಿಮಿಂಗಿಲ ದೋಣಿಗಳನ್ನು ತಿಮೋರ್ ದಿಕ್ಕಿಗೆ ಎಳೆದೊಯ್ದು, ಜನ ದಿನಗಟ್ಟಲೆ ನಡುಗಡಲಲ್ಲಿ ತೇಲಿದ್ದನ್ನು ಊರಿನಲ್ಲಿ ಈಗಲೂ ಹೇಳುತ್ತಾರೆ. ನಾನಿದ್ದಾಗ ಬೇಟೆಯಾಗಲಿಲ್ಲ. ಆಗದಿದ್ದುದಕ್ಕೆ ಸಂತೋಷಪಟ್ಟೆ, ಊರು ಸಂತೋಷಪಡಲಿಲ್ಲ ಎಂಬುದೂ ಕಂಡಿತು.

ಎಲ್ಲರೂ ಕ್ಯಾಥೋಲಿಕರು. ಆದರೆ ಹಂಗಾಮು ಶುರುವಾಗುವ ಮೊದಲು ಮೂಲನಿವಾಸಿ ಮನೆತನದವರು ಲಬಲೆಕಾಂಗ್ ಬೆಟ್ಟದ ಮೇಲಿನ ತಿಮಿಂಗಿಲದ ಆಕಾರದ ಬಂಡೆಯ ಬಳಿ ಪೂಜೆ ಮಾಡಿ ತಿಮಿಂಗಿಲಗಳನ್ನು ಕರೆದು ಬರುತ್ತಾರೆ. ಏಪ್ರಿಲ್ 30ರ ಸಂಜೆ ಕಡಲಲ್ಲಿ ಸತ್ತವರಿಗಾಗಿ ದಂಡೆಯಲ್ಲೇ ಪೂಜೆ, ಮೇಣದ ಬತ್ತಿ. ಮರುದಿನ ಪಾದ್ರಿ ದೋಣಿಗಳಿಗೆ ತೀರ್ಥ ಚಿಮುಕಿಸುತ್ತಾರೆ. ಬಸದಿಯ ಜೊತೆ ಭೂತದ ಗುಡಿಯನ್ನೂ ನಡೆಸಿಕೊಂಡು ಬಂದ ತುಳುನಾಡಿನವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಈಟಿ ಗುರಿ ತಪ್ಪಿದರೆ ಲಮಲೆರಾದವರು ಈಟಿಯನ್ನು ಪರೀಕ್ಷಿಸುವುದಿಲ್ಲ, ಮನೆಯನ್ನು ಪರೀಕ್ಷಿಸುತ್ತಾರೆ. ಗಂಡಹೆಂಡಿರ ಜಗಳವೇನಾದರೂ ಬಗೆಹರಿಯದೆ ಉಳಿದಿದೆಯೇ? ಯಾರದಾದರೂ ಪಾಲನ್ನು ನುಂಗಿದ್ದೇವೆಯೇ? ದಂಡೆಗೆ ಬಂದ ತಿಮಿಂಗಿಲದ ಮೈಮೇಲೆ ಯಾವ ಗೆರೆಯಿಂದ ಯಾವ ಗೆರೆಗೆ ಯಾರ ಪಾಲು ಎಂಬುದು ಮೊದಲೇ ಗೊತ್ತು: ದೋಣಿಯ ಮನೆತನಕ್ಕೆ, ಈಟಿಗಾರನಿಗೆ, ಕಮ್ಮಾರನಿಗೆ, ಹಾಯಿ ಹೆಣೆದವರಿಗೆ. ಅವರೆಲ್ಲರ ಕೈಯಿಂದ ಹಾದು ವಿಧವೆಯರಿಗೆ, ತಬ್ಬಲಿಗಳಿಗೆ, ದುಡಿಯಲಾರದವರಿಗೆ. ನಾವಿದ್ದ ಮನೆಯೊಡತಿಯೂ ವಿಧವೆ. ಅವಳ ಪಾಲನ್ನು ಯಾರೂ ದಾನ ಎನ್ನುವುದಿಲ್ಲ.

ಹತ್ತಿರದ ವುಲಂದೋನಿಯಲ್ಲಿ ವಾರದ ಸಂತೆ. ಕಡಲ ಊರಿನ ಹೆಂಗಸರು ಒಣಮಾಂಸ, ಮೀನು, ಉಪ್ಪು ಹೊತ್ತು ಬರುತ್ತಾರೆ. ಬೆಟ್ಟದ ಊರಿನವರು ಜೋಳ, ಬಾಳೆ, ಗೆಣಸು. ಆರು ತೆನೆ ಜೋಳ ಅಥವಾ ಆರು ಬಾಳೆಹಣ್ಣು ಸೇರಿದರೆ ಒಂದು ‘ಮುಂಗಾ’, ಅದರ ಲೆಕ್ಕದಲ್ಲಿ ಮಾಂಸದ ತುಂಡು. ದುಡ್ಡು ಓಡಾಡುತ್ತದೆ, ಆದರೆ ಈ ವಿನಿಮಯಕ್ಕೆ ಅದು ಬೇಕಾಗಿಲ್ಲ. ಬೆಟ್ಟದ ಹೆಂಗಸು ತುಂಡನ್ನು ಮೂಸಿ ನೋಡಿ ಬುಟ್ಟಿಗೆ ಹಾಕಿಕೊಂಡಳು. ನಮ್ಮ ಮನೆಯೊಡತಿ ಜೋಳ ಎಣಿಸಿಕೊಂಡಳು. ಆ ಜೋಳವೇ ಸಂಜೆಗೆ ನನ್ನ ತಟ್ಟೆಗೆ ಬಂತು.

ಈಗ ಪಾಪ ಯಾರ ಬುಟ್ಟಿಯಲ್ಲಿ? ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರೂ ಒಂದೇ ಎಂದು ನಮ್ಮವರೇ ಹೇಳುತ್ತಾರಲ್ಲ. ಹಾಗಾದರೆ ಸೋಮದೇವನ ರೈತ ನೇಗಿಲಿನ ಹಿಂದೆ ಎಷ್ಟು ನಿರ್ಮಲವಾಗಿದ್ದರೂ ಸಂತೆಗೆ ಬಂದ ಕೂಡಲೇ ಬೆಸ್ತನ ಪಾಲುದಾರ. ಮಾಂಸ ಮುಟ್ಟದ ನಾನೂ ಪಾಲುದಾರಳೇ. ಲಮಲೆರಾಕ್ಕೆ ಹೋಗಿಯೇ ಪಾಲುದಾರಳಾಗಬೇಕೆಂದಿಲ್ಲ. ನಮ್ಮ ಕರಾವಳಿಯ ತೆಂಗಿನ ಬುಡಕ್ಕೆ ಬೂತಾಯಿ ಮೀನಿನ ಗೊಬ್ಬರ ಹಾಕುತ್ತಿದ್ದ ಕಾಲವನ್ನು ಕಂಡವಳು ನಾನು. ಗೊಬ್ಬರ ಹಾಕುತ್ತಿದ್ದವರು ಒಕ್ಕಲಿನವರು, ಕಾಯಿ ಒಡೆದದ್ದು ನಾವು.

ಜೊತೆಗೆ ಉಳಿದುಕೊಂಡಿದ್ದ ಯುರೋಪಿನ ಯುವಕನೊಬ್ಬ ಸಮಾಧಾನ ಹೇಳಲು ಬಂದ: ಒಂದು ತಿಮಿಂಗಿಲ ಸತ್ತರೆ ಊರಿಗೆ ಊರೇ ತಿಂಗಳುಗಟ್ಟಲೆ ಉಣ್ಣುತ್ತದೆ, ಅಷ್ಟಕ್ಕೆ ಮೀನಾದರೆ ಎಷ್ಟು ಸಾವಿರ ಜೀವ ಹೋಗಬೇಕು! ಹೊಸ ವಾದವೇನಲ್ಲ. ವರ್ಷಕ್ಕೊಂದು ಆನೆ ಕೊಂದು, ಉಳಿದ ಜೀವಿಗಳ ಮೇಲಿನ ದಯೆಯಿಂದ ಅದನ್ನೇ ತಿಂದು ಬದುಕುತ್ತೇವೆ ಎಂದ ಹಸ್ತಿತಾಪಸರ ಜೊತೆ ಆರ್ದ್ರಕ ಮುನಿಯ ಜಗಳ ‘ಸೂತ್ರಕೃತಾಂಗ’ದಲ್ಲಿದೆ. ಅದು ನಾವು ದಿಗಂಬರರು ಪ್ರಮಾಣವೆಂದು ಒಪ್ಪದ ಆಗಮ, ಇರಲಿ. ನಮ್ಮ ಅಮೃತಚಂದ್ರನೂ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದೇ ಲೆಕ್ಕಾಚಾರವನ್ನು ತಳ್ಳಿಹಾಕಿದ್ದಾನೆ. ಸರಿಯಾಗಿಯೇ ತಳ್ಳಿಹಾಕಿದ್ದಾನೆ. ಆದರೆ ಲಮಲೆರಾದ ಒಬ್ಬರೂ ನನಗೆ ಈ ವಾದ ಹೇಳಲಿಲ್ಲ. ತಾವು ಕೊಂದದ್ದನ್ನು ದಯೆ ಎಂದು ಅವರು ಕರೆಯುವುದೇ ಇಲ್ಲ. ಹಿರಿಯರು ಕಳಿಸಿಕೊಟ್ಟದ್ದು ಎನ್ನುತ್ತಾರೆ. ಕಳಿಸಿದವರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಹೆದರಿಕೆ ಆ ಮಾತಿನಲ್ಲೇ ಇದೆ.

ಅವರು ಮುಟ್ಟದ ತಿಮಿಂಗಿಲವೂ ಒಂದಿದೆ. ಕೆಲಾರು, ನೀಲಿ ತಿಮಿಂಗಿಲ. ಮೂಲಪುರುಷನನ್ನು ಅದು ಬೆನ್ನ ಮೇಲೆ ಹೊತ್ತು ದಡ ಸೇರಿಸಿತಂತೆ. ಅದರ ಮೇಲೆ ಈಟಿ ಎತ್ತುವಂತಿಲ್ಲ. ಇದನ್ನು ಕೇಳುವಾಗ ನೆನಪಾದದ್ದು ಮತ್ತೆ ಸೋಮದೇವನೇ. ಬೆಸ್ತನಿಗೆ ಪಾಪ ವಿಧಿಸಿದ ಅದೇ ಪುಸ್ತಕದಲ್ಲಿ ಮೃಗಸೇನ ಎಂಬ ಬೆಸ್ತನ ಕಥೆಯಿದೆ. ಮುನಿಯೊಬ್ಬ ಅವನಿಗೆ ಬಲೆ ಬಿಸಾಡು ಎನ್ನಲಿಲ್ಲ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲಬೇಡ ಎಂದ. ಅದೇ ಮೀನು ಐದು ಸಲ ಬಲೆಗೆ ಬಿತ್ತು, ಐದು ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದ, ಹೆಂಡತಿ ಬಾಗಿಲು ಹಾಕಿದಳು. ಆ ಪುಟ್ಟ ವ್ರತ ಮುಂದಿನ ಜನ್ಮದಲ್ಲಿ ಅವನ ಜೀವವನ್ನು ಐದು ಸಲ ಉಳಿಸಿತು. ಶ್ಲೋಕ ಬರೆದವನಿಗಿಂತ ಕಥೆ ಹೇಳಿದವನು ಬೆಸ್ತನನ್ನು ಹತ್ತಿರದಿಂದ ಬಲ್ಲವನು ಅನ್ನಿಸುತ್ತದೆ. ನಾನು ಕಲಿಸುತ್ತಿದ್ದ ಪಠ್ಯದಲ್ಲಿ ಇದ್ದದ್ದು ಶ್ಲೋಕ ಮಾತ್ರ.

ಹೊರಗಿನವರು ಲಮಲೆರಾಕ್ಕೆ ತರುವುದು ಯಾವಾಗಲೂ ದೊಡ್ಡ ವ್ರತ. 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಇನ್ನೂ ಚೆನ್ನಾಗಿ ಬೇಟೆಯಾಡುವುದನ್ನು ಕಲಿಸಲು ಆಧುನಿಕ ಹಡಗನ್ನೇ ಕಳಿಸಿತ್ತು. ಆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತಿತು. 2009ರಲ್ಲಿ ಸವು ಸಮುದ್ರವನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿದಾಗ ಊರು ಎದ್ದು ನಿಂತಿತು, ಅವರ ಕಡಲನ್ನು ಆ ಪ್ರದೇಶದಿಂದ ಹೊರಗಿಡಬೇಕಾಯಿತು. 2014ರಲ್ಲಿ ಮಾಂಟಾ ತೊರಕೆ ಹಿಡಿಯುವುದನ್ನು ಇಂಡೊನೇಷ್ಯ ನಿಷೇಧಿಸಿತು. 1999ರಿಂದ ಎರಡು ವರ್ಷ ದೇಶದ ಪರಿಸರ ಸಚಿವರಾಗಿದ್ದ, ಪರಿಸರ ನೀತಿಶಾಸ್ತ್ರದ ಬಗ್ಗೆಯೇ ಪುಸ್ತಕ ಬರೆದ ಸೋನಿ ಕೆರಾಫ್ ಹುಟ್ಟಿದ್ದೂ ಲಮಲೆರಾದಲ್ಲೇ. ಓದಿದ ಹುಡುಗರು ಕುಪಾಂಗಿಗೋ ಜಕಾರ್ತಕ್ಕೋ ಹೋಗುತ್ತಾರೆ. ಉಳಿದವರು ಮೋಟಾರು ದೋಣಿ ಹತ್ತುತ್ತಾರೆ. ಸಣ್ಣ ದೋಣಿ, ಕಡಿಮೆ ಜನ, ಪೆಟ್ರೋಲಿನ ಸಾಲ. ಸಾಲ ತೀರಿಸಲು ಮೀನನ್ನು ದುಡ್ಡಿಗೇ ಮಾರಬೇಕು. ತೆನಾದ ಪಾಲಿನ ಗೆರೆಗಳು ಅಲ್ಲಿ ನಿಲ್ಲುವುದು ಕಷ್ಟ. ನನ್ನ ಭಯ ಇರುವುದು ಇಲ್ಲಿ, ನಿಷೇಧದಲ್ಲಲ್ಲ.

ಬೇಟೆ ಬಿಟ್ಟು ಪ್ರವಾಸಿಗಳಿಗೆ ತಿಮಿಂಗಿಲ ತೋರಿಸಿದರೆ ಆಗದೇ ಎಂದು ಮಗಳ ಮೂಲಕ ಮನೆಯೊಡತಿಯನ್ನು ಕೇಳಿದೆ. ಆಗಬಹುದು, ದೋಣಿ ಇದ್ದವನಿಗೆ ದುಡ್ಡು ಬರುತ್ತದೆ, ಅದರಲ್ಲಿ ನನ್ನ ಪಾಲು ಎಲ್ಲಿಂದ ಎಲ್ಲಿಗೆ ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಕೊಂದದ್ದು ಹಿಂಸೆ ಎಂದೇ ನಾನು ಈಗಲೂ ನಂಬಿದ್ದೇನೆ. ಆದರೆ ಅವಳ ಆ ಪ್ರಶ್ನೆಗೆ ಉತ್ತರ ಬರೆಯದೆ ತರುವ ಯಾವ ಕಾನೂನಿಗೂ ನಾನು ಕೈಯೆತ್ತಲಾರೆ.