ಹದಿನಾರರ ಗೀಳು

ಹತ್ತನೇ ತರಗತಿಯಲ್ಲಿ ನನಗೆ ರೈಲು ವೇಳಾಪಟ್ಟಿಯ ಹುಚ್ಚು. ಅರಸೀಕೆರೆಯಲ್ಲಿ ಯಾವ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆಂಬುದು ಬಾಯಿಪಾಠ. ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ‘ಈ ಧ್ಯಾನ ದೇವರ ಮೇಲಿದ್ದಿದ್ದರೆ!’ ಎನ್ನುತ್ತಿದ್ದಳು ಅಜ್ಜಿ.

ಧ್ಯಾನಕ್ಕೆ ವಸ್ತು ಮುಖ್ಯವೋ, ತೀವ್ರತೆಯೋ? 1896ರಲ್ಲಿ, 16ರ ಹರೆಯದಲ್ಲಿ, ವೆಂಕಟರಮಣ ಎಂಬ ಹುಡುಗ ಮಧುರೆಯ ಮನೆ ಬಿಟ್ಟು ತಿರುವಣ್ಣಾಮಲೈಗೆ ಹೋದ. ಅವನಿಗೇ ನಾವು ರಮಣ ಮಹರ್ಷಿ ಎಂದು ಕೈಮುಗಿದೆವು. ಕುಂಭಕೋಣದ ರಾಮಾನುಜನ್ ಗಣಿತದಲ್ಲೇ ಮುಳುಗಿ ಉಳಿದ ವಿಷಯಗಳಲ್ಲಿ ಫೇಲಾದ, ವಿದ್ಯಾರ್ಥಿವೇತನ ಕಳೆದುಕೊಂಡ. ಮುಂದೆ ಸೂತ್ರಗಳ ಶ್ರೇಯಸ್ಸನ್ನು ನಾಮಗಿರಿ ದೇವಿಗೆ ಒಪ್ಪಿಸಿದ.

ಗೀಳಿಗೂ ಭಕ್ತಿಗೂ ನಾವು ಗೆರೆ ಎಳೆಯುವುದು ಫಲ ನೋಡಿಯೇ ಎಂದು ನನ್ನ ಗುಮಾನಿ. (ಫಲ ನೋಡಬೇಡ ಎಂದದ್ದೂ ನಮ್ಮ ಗೀತೆಯೇ!) ನನ್ನ ಹುಚ್ಚಿನಿಂದ ಯಾರಿಗೂ ಏನೂ ದಕ್ಕಲಿಲ್ಲ. ಆದರೆ ಅಷ್ಟು ಪೂರ್ತಿಯಾಗಿ ನನ್ನನ್ನೇ ನಾನು ಮರೆತದ್ದು, ಆಮೇಲೆ ಯಾವ ಗುಡಿಯಲ್ಲೂ ಆಗಿಲ್ಲ.