ಇಂದಿನ ಧಮ್ಮ ಚಿಂತನೆ: ಗೌಜಲಹಕ್ಕಿ ಯಾರದು?



ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದ ಆರಂಭದಲ್ಲೇ ಒಂದು ಪ್ರಸಂಗವಿದೆ. ದೇವದತ್ತ ಬಾಣ ಬಿಟ್ಟು ಹಕ್ಕಿಯೊಂದನ್ನು ಕೆಡವುತ್ತಾನೆ. ಬಾಲಕ ಸಿದ್ಧಾರ್ಥ ಬಾಣ ಕಿತ್ತು, ಗಾಯ ಕಟ್ಟಿ, ನೀರು ಕುಡಿಸಿ ಬದುಕಿಸುತ್ತಾನೆ. ಹಕ್ಕಿ ಯಾರದು ಎಂದು ಜಗಳ. ಹೊಡೆದವನದಲ್ಲ, ಉಳಿಸಿದವನದು ಎಂದು ತೀರ್ಪಾಗುತ್ತದೆ. ಈ ಕತೆಯನ್ನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೋದ ತಿಂಗಳು ಅದು ನನ್ನ ಮೇಜಿನ ಮೇಲೇ ಬಂದು ಕೂತಿತು.

ಏಳನೇ ಕ್ಲಾಸಿನ ಹುಡುಗ, ಕರಿಘಟ್ಟದ ತಪ್ಪಲಿನವನು, ನಮ್ಮ ಕೇರಿಯವನೇ. ಅವನ ಚೀಲದಲ್ಲಿ ಏನೋ ಮಿಸುಕಾಡುತ್ತಿತ್ತು. ಬಿಚ್ಚಿದರೆ ಗೌಜಲಹಕ್ಕಿ! ಕಾಲಿಗೆ ಉರುಲಿನ ದಾರ ಇನ್ನೂ ಸುತ್ತಿಕೊಂಡಿದೆ.

"ನಮ್ಮಪ್ಪ ಹಿಡ್ದಿದ್ದು ಸಾ. ಸಂಜೆ ಕುಯ್ತೀನಿ ಅಂದ್ರು. ನೀವು ಕತೆ ಹೇಳಿದ್ರಲ್ಲ, ಎತ್ಕೊಂಡ್ ಬಂದ್ಬುಟ್ಟೆ."

ಪಕ್ಕದಲ್ಲಿದ್ದ ಸಹೋದ್ಯೋಗಿ, "ಫಾರೆಸ್ಟ್‌ನೋರಿಗೆ ಫೋನ್ ಮಾಡಿ ಮೇಷ್ಟ್ರೇ" ಎಂದರು. ಅವರು ಹೇಳಿದ್ದು ತಪ್ಪಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಂಗನತಿಟ್ಟಿನ ಒಳಗೆ ಮಾತ್ರ ಇರುವುದಲ್ಲ, ಬೆಟ್ಟದ ಬುಡದ ಹೊಲದಲ್ಲೂ ಇದೆ. ಫೋನ್ ಕೈಗೆ ತೆಗೆದುಕೊಂಡೆ. ಮಾಡಲಿಲ್ಲ.

ಯಾಕೆಂದರೆ ಇದೇ ಬೆಟ್ಟದಲ್ಲಿ ನಮ್ಮಪ್ಪನೂ ಉರುಲು ಒಡ್ಡುತ್ತಿದ್ದರು. ಕೂಲಿ ಸಿಗದ ದಿನ ನಮ್ಮ ಮನೆಯಲ್ಲಿ ಗೌಜಲ ಸಾರು. ತಿಂದಿದ್ದೇನೆ, ಬೆರಳು ನೆಕ್ಕಿದ್ದೇನೆ. ಸುಳ್ಳು ಹೇಳಿ ಧಮ್ಮ ಬರೆಯಲಾರೆ.

ಬಾಬಾಸಾಹೇಬರು ಅಹಿಂಸೆಯನ್ನು ವಿವರಿಸುವಾಗ ಕೊಲ್ಲಬೇಕಾದ ಅಗತ್ಯವನ್ನೂ ಕೊಲ್ಲುವ ಇಚ್ಛೆಯನ್ನೂ ಬೇರೆ ಬೇರೆ ಮಾಡಿ ತೋರಿಸುತ್ತಾರೆ. ಅದು ತತ್ತ್ವ, ಕಟ್ಟಳೆಯಲ್ಲ ಎನ್ನುತ್ತಾರೆ. ಕಟ್ಟಳೆಯಾದರೆ ಪಾಲಿಸಿದರೆ ಮುಗಿಯಿತು. ತತ್ತ್ವವಾದರೆ ಪ್ರತಿ ಸಲವೂ ನಾವೇ ಯೋಚಿಸಬೇಕು. ನಮ್ಮಪ್ಪನಿಗೆ ಅಂದು ಅಗತ್ಯವಿತ್ತು. ಈ ಹುಡುಗನ ಅಪ್ಪನಿಗೆ ಇಂದು ಇದೆಯೇ? ಸಂಜೆ ಹಕ್ಕಿಯನ್ನೂ ಹುಡುಗನನ್ನೂ ಕರೆದುಕೊಂಡು ಅವರ ಮನೆಗೇ ಹೋಗಿ ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಗತ್ಯ ಏನಿಲ್ಲ ಮೇಷ್ಟ್ರೇ, ರೂಢಿ. ನಾನು ಹಿಡಿಯದು ಒಂದೋ ಎರಡೋ. ಬೇಸಿಗೇಲಿ ಬೆಟ್ಟಕ್ಕೆ ಬೆಂಕಿ ಬೀಳ್ತದಲ್ಲ, ಆಗ ಎಷ್ಟು ಮೊಟ್ಟೆ ಬೆಂದೋಯ್ತವೆ? ಕುಡ್ದು ಬೀಡಿ ಬಿಸಾಕೋರ ಮೇಲೆ ಯಾರು ಕೇಸ್ ಹಾಕವ್ರೆ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಗೌಜಲಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ, ನೆಲದ ಹುಲ್ಲಿನ ಮರೆಯಲ್ಲೇ ಮೊಟ್ಟೆ ಇಡುತ್ತದೆ. ಹುಲ್ಲು ಹೊತ್ತಿದರೆ ಅದಕ್ಕೆ ಇನ್ನೆಲ್ಲಿಯ ದಿಕ್ಕು?

ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮವೆಂದು ಸಾರಿದರು. ಹಾಗೆ ಮಾಡುವಂತೆ ಮೈಸೂರಿನ ಅರಸರನ್ನು ಒಪ್ಪಿಸಿದವರು ಸಲೀಂ ಅಲಿ. ಅದು ಒಳ್ಳೆಯ ಕೆಲಸವೇ. ಆದರೆ ನಾನು ಅವರಿಗೆ ಹೇಳಿದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕತೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಹುಣಸೆ ಮರಗಳಲ್ಲೇ ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಹುಣಸೆ ಫಸಲಿನ ಆಸೆಯನ್ನೇ ಬಿಟ್ಟು ಕಾದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು ಆಮೇಲೆ.

ಅವರು ನಕ್ಕರು. "ನಮಗೆ ಮರ ಎಲ್ಲೈತೆ ಮೇಷ್ಟ್ರೇ, ಬಿಟ್ಟುಕೊಡಕೆ?"

ಆ ಮಾತು ಚುಚ್ಚಿತು. ರಾತ್ರಿಯೆಲ್ಲ 22 ಪ್ರತಿಜ್ಞೆಗಳಲ್ಲಿ 13ನೆಯದೇ ತಲೆಯಲ್ಲಿತ್ತು: ಎಲ್ಲ ಜೀವಿಗಳಲ್ಲಿ ದಯೆ ಇಟ್ಟು ಅವನ್ನು ಕಾಪಾಡುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅದನ್ನು ಸ್ವೀಕರಿಸಿದವರಲ್ಲಿ ಮರ ಇದ್ದವರೆಷ್ಟು, ತುಂಡು ಭೂಮಿ ಇದ್ದವರೆಷ್ಟು? ಏನೂ ಇಲ್ಲದವರ ಕೈಗೇ ಬಾಬಾಸಾಹೇಬರು ಕಾಯುವ ಕೆಲಸ ಕೊಟ್ಟರು. ಹಿಡಿದು ಕೊಟ್ಟವರು ಅಂತಲ್ಲ, ಕಾಯುವವರು ಅಂತ.

ಅವತ್ತು ದಾರವನ್ನು ಬ್ಲೇಡಿನಿಂದ ಕತ್ತರಿಸಿದವರು ಹುಡುಗನ ಅಪ್ಪನೇ. ಅವರ ಕೈ ಪಳಗಿದ ಕೈ, ಹಕ್ಕಿಗೆ ನೋವಾಗಲಿಲ್ಲ. ಬಿಟ್ಟ ಕೂಡಲೇ ಕುಂಟುತ್ತ ಓಡಿ, ಬುರ್ರನೆ ಹಾರಿ ಲಾಂಟಾನ ಪೊದೆಯೊಳಗೆ ಸೇರಿತು. ಉಳಿದ ಉರುಲುಗಳ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ಭಾನುವಾರ ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಟ್ಟದ ಬುಡದಲ್ಲಿ ಬೆಂಕಿ ರೇಖೆ ಸವರುತ್ತೇವೆ. ಬೆಳಿಗ್ಗೆ 6ಕ್ಕೆ ಬನ್ನಿ. ಬೆಂಕಿ ಯಾವ ಕಡೆಯಿಂದ ಏರುತ್ತದೆ ಎಂಬುದು ನಮ್ಮೆಲ್ಲರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಕುಡುಗೋಲು ಹಿಡಿದು ಮುಂದೆ ಇರುತ್ತೇನೆ ಅಂದಿದ್ದಾರೆ.

ಜೈ ಭೀಮ್. ನಮೋ ಬುದ್ಧಾಯ.